ವಾರಕ್ಕೆ ಹದಿನಾರು ಗಂಟೆಯ ಲೆಕ್ಕ

"ಅಲ್ಲಿ ಓದ್ತಾ ಓದ್ತಾನೇ ದುಡೀತಾನಂತೆ, ಖರ್ಚೆಲ್ಲ ಅವನೇ ನೋಡ್ಕೋತಾನಂತೆ." ಮೊಮ್ಮಕ್ಕಳನ್ನು ವಿದೇಶಕ್ಕೆ ಕಳಿಸುವ ಮನೆಗಳಲ್ಲಿ ಈಗ ಈ ಮಾತು ಕೇಳಿಬರುತ್ತದೆ. ಇದು ಎಷ್ಟು ನಿಜ? ಬ್ಯಾಂಕಿನಲ್ಲಿ ಲೆಡ್ಜರ್ ಬರೆದು ಅಭ್ಯಾಸವಾದ ನನಗೆ ಲೆಕ್ಕ ಹಾಕದೆ ಸಮಾಧಾನವಿಲ್ಲ. ಮಕ್ಕಳೇ, ನೀವೂ ಪೆನ್ಸಿಲ್ ಹಿಡಿದು ಕೂತುಕೊಳ್ಳಿ.

ನೆದರ್ಲ್ಯಾಂಡ್ಸ್ ದೇಶದ ಉತ್ತರಕ್ಕೆ ಗ್ರೋನಿಂಗನ್ ಎಂಬ ಊರಿದೆ. ಅಲ್ಲಿನ ವಿಶ್ವವಿದ್ಯಾಲಯ ಶುರುವಾದದ್ದು 1614ರಲ್ಲಿ. ಊರಿನಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರು ವಿದ್ಯಾರ್ಥಿಗಳು. ಹೋಟೆಲಿನಲ್ಲಿ ತಟ್ಟೆ ತೊಳೆಯುವುದು, ಸೂಪರ್‌ಮಾರ್ಕೆಟ್‌ನಲ್ಲಿ ಸಾಮಾನು ಜೋಡಿಸುವುದು, ಸೈಕಲ್ಲಿನಲ್ಲಿ ಊಟ ತಲುಪಿಸುವುದು, ಕೋಣೆ ಗುಡಿಸಿ ಒರೆಸುವುದು ಅವರಿಗೆ ಸಿಗುವ ಕೆಲಸಗಳು. ಒಂದೇ ಕೆಲಸಕ್ಕೆ ಅನೇಕರು ಬರುತ್ತಾರೆ. ತಟ್ಟೆ ತೊಳೆಯಲು ಇಂಗ್ಲಿಷ್ ಸಾಕು. ಗಿರಾಕಿಗಳ ಜೊತೆ ಮಾತಾಡುವ ಕೆಲಸಕ್ಕೆ ಹೆಚ್ಚಾಗಿ ಡಚ್ ಭಾಷೆ ಕೇಳುತ್ತಾರೆ.

ಭಾರತದ ವಿದ್ಯಾರ್ಥಿಗೆ ಇನ್ನೊಂದು ತೊಡಕಿದೆ. ಅವನನ್ನು ಕೆಲಸಕ್ಕೆ ಇಟ್ಟುಕೊಳ್ಳಲು ಮಾಲೀಕನೇ ಸರ್ಕಾರದಿಂದ ಪರವಾನಗಿ ತರಬೇಕು. ಅದು ಕೈಗೆ ಬರಲು ಐದು ವಾರದವರೆಗೂ ಹಿಡಿಯಬಹುದು. ಬರುವ ಮುಂಚೆ ಒಂದು ದಿನವೂ ಕೆಲಸ ಮಾಡುವಂತಿಲ್ಲ. ಜರ್ಮನಿಯಿಂದಲೋ ಇಟಲಿಯಿಂದಲೋ ಬಂದ ಹುಡುಗನಿಗೆ ಈ ಕಾಗದ ಬೇಕಿಲ್ಲ. ಯಾರನ್ನು ಇಟ್ಟುಕೊಳ್ಳುವುದು ಸುಲಭ ಎಂದು ಅಂಗಡಿಯವನು ಯೋಚಿಸುವುದು ಸಹಜವೇ.

ಪರವಾನಗಿ ಬಂದರೂ ವಾರಕ್ಕೆ 16 ಗಂಟೆ ಮಾತ್ರ ದುಡಿಯಬಹುದು. ಅದು ಬೇಡವೆಂದರೆ ಜೂನ್, ಜುಲೈ, ಆಗಸ್ಟ್ ತಿಂಗಳಲ್ಲಿ ಪೂರ್ಣಾವಧಿ ಕೆಲಸ ಮಾಡಬಹುದು. ಎರಡರಲ್ಲಿ ಒಂದನ್ನೇ ಆರಿಸಿಕೊಳ್ಳಬೇಕು.

ಈಗ ಲೆಕ್ಕ. 2025ರ ಜನವರಿಯಲ್ಲಿ ಅಲ್ಲಿ 21 ವರ್ಷ ತುಂಬಿದವರಿಗೆ ಕನಿಷ್ಠ ಕೂಲಿ ಗಂಟೆಗೆ 14.06 ಯೂರೋ. ಹದಿನಾರರಿಂದ ಗುಣಿಸಿದರೆ ವಾರಕ್ಕೆ ಸುಮಾರು 225, ನಾಲ್ಕು ವಾರಕ್ಕೆ 900 ಯೂರೋ. ಇದು ತೆರಿಗೆ ಕಡಿತಕ್ಕೆ ಮುಂಚಿನ ಮೊತ್ತ. ವಿದ್ಯಾರ್ಥಿಯ ತಿಂಗಳ ಖರ್ಚಿಗೆ ಹಣವಿದೆ ಎಂದು ವೀಸಾ ಕೇಳುವಾಗಲೇ ತೋರಿಸಬೇಕು. ಅದೇ ವರ್ಷ ಆ ಮೊತ್ತ ತಿಂಗಳಿಗೆ ಸುಮಾರು 1,130 ಯೂರೋ. ಅಂದರೆ ಒಂದು ಗಂಟೆಯೂ ಬಿಡದೆ ದುಡಿದರೂ 230 ಯೂರೋ ಕಡಿಮೆ ಬೀಳುತ್ತದೆ. ಇನ್ನು ವರ್ಷಕ್ಕೆ ಹತ್ತು ಸಾವಿರ ಯೂರೋ ದಾಟುವ ಕಾಲೇಜು ಫೀಸು ಈ ದುಡಿಮೆಯಿಂದ ಹುಟ್ಟುವುದಿಲ್ಲ.

ಪಿಯುಸಿ ಮುಗಿಸಿ ಹೋಗುವವರು ಇದನ್ನೂ ಗಮನಿಸಿ. 2025ರ ಜನವರಿಯಲ್ಲಿ 18 ವರ್ಷದವರ ಕನಿಷ್ಠ ಕೂಲಿ 21 ತುಂಬಿದವರದರ ಅರ್ಧ ಮಾತ್ರವಿತ್ತು, ಅಂದರೆ 7.03 ಯೂರೋ. ನಾಲ್ಕು ವಾರಕ್ಕೆ ಎಷ್ಟಾಯಿತು? ಲೆಕ್ಕ ನಿಮಗೇ ಬಿಟ್ಟೆ.

ಕೆಲಸಕ್ಕೆ ಸೇರಿದ ಕೂಡಲೇ ಆ ದೇಶದ ಆರೋಗ್ಯ ವಿಮೆ ಮಾಡಿಸಲೇಬೇಕು. ಅದಕ್ಕೆ ತಿಂಗಳಿಗೆ ಸುಮಾರು 150 ಯೂರೋ ಬೇಕು. ಆದರೆ ಆದಾಯ ಕಡಿಮೆ ಇದ್ದವರಿಗೆ ಸರ್ಕಾರ ಇದರ ಬಹುಪಾಲನ್ನು ಸಹಾಯಧನವಾಗಿ ಕೊಡುತ್ತದೆ. ತಾನಾಗಿ ಬರುವುದಿಲ್ಲ, ಅರ್ಜಿ ಹಾಕಬೇಕು. ಕೂಲಿಯ ಮೇಲೆ ನೂರಕ್ಕೆ ಎಂಟರಂತೆ ರಜೆ ಭತ್ಯೆಯೂ ಉಂಟು. ಸಂಬಳದ ಚೀಟಿಯಲ್ಲಿ ಅದು ಸೇರಿದೆಯೇ ನೋಡಿಕೊಳ್ಳಬೇಕು. ಪರವಾನಗಿ ಮಾಡಿಸಿಕೊಡುತ್ತೇನೆಂದು ಯಾರಾದರೂ ವಿದ್ಯಾರ್ಥಿಯಿಂದಲೇ ದುಡ್ಡು ಕೇಳಿದರೆ ಅಲ್ಲಿಂದ ಹೊರಟುಬಿಡಬೇಕು.

ಹದಿನಾರು ಗಂಟೆಯ ಮಿತಿ ಹಾಕಿರುವುದು ಬಂದವರು ಓದಲಿ ಎಂದು. ವರ್ಷದ ಕ್ರೆಡಿಟ್‌ಗಳಲ್ಲಿ ಕನಿಷ್ಠ ಅರ್ಧವನ್ನಾದರೂ ಗಳಿಸದಿದ್ದರೆ, ಸರಿಯಾದ ಕಾರಣವೂ ಇಲ್ಲದಿದ್ದರೆ, ವಿಶ್ವವಿದ್ಯಾಲಯ ಸರ್ಕಾರಕ್ಕೆ ತಿಳಿಸುತ್ತದೆ. ಆಗ ದೇಶದಲ್ಲಿ ಉಳಿಯುವ ಅನುಮತಿಯೇ ಹೋಗಬಹುದು. ರಾತ್ರಿ ಹನ್ನೊಂದರವರೆಗೆ ಪಾತ್ರೆ ತೊಳೆದು, ಬೆಳಿಗ್ಗೆ ತರಗತಿ ತಪ್ಪಿಸಿಕೊಂಡು ಗಳಿಸಿದ ಯೂರೋ ಬಹಳ ದುಬಾರಿ.

ಹಾಗೆಂದು ಕೆಲಸ ಬೇಡವೆನ್ನುವುದಿಲ್ಲ. ತರಕಾರಿ, ಸೈಕಲ್ ರಿಪೇರಿ, ಚಳಿಗಾಲದ ಒಂದು ಕೋಟು ಸ್ವಂತ ದುಡಿಮೆಯಲ್ಲಿ ಬರಲಿ. ಫೀಸು ಮತ್ತು ಬಾಡಿಗೆಗೆ ಮಾತ್ರ ಹೊರಡುವ ಮೊದಲೇ ದಾರಿ ಮಾಡಿಕೊಳ್ಳಿ. ಮೊದಲ ಕೆಲವು ತಿಂಗಳು ಕೂಲಿ ಸೊನ್ನೆ ಎಂದೇ ಬರೆದುಕೊಳ್ಳಿ.

ಅಜ್ಜ ಅಜ್ಜಿಯರಿಗೆ ಒಂದು ಮಾತು. ಫೋನಿನಲ್ಲಿ "ಕೆಲಸ ಸಿಕ್ತೇನಪ್ಪಾ?" ಎಂದು ಪ್ರತಿ ವಾರ ಕೇಳಬೇಡಿ. ಸಿಗದಿದ್ದರೆ ಆ ಮಗು ಏನು ಹೇಳೀತು? "ಊಟ ಆಯ್ತಾ? ಪರೀಕ್ಷೆ ಯಾವಾಗ?" ಎಂದು ಕೇಳಿ. ಕೆಲಸ ಸಿಕ್ಕ ದಿನ ಅವನೇ ಫೋನ್ ಮಾಡುತ್ತಾನೆ.