ಮನೆ ಕಟ್ಟುವವರ ಮನೆ
ಧಾರವಾಡದ ಬೇಲೂರು ಕೈಗಾರಿಕಾ ಪ್ರದೇಶದಲ್ಲಿ ಗೋಡೆ ಏಳುವುದನ್ನು ಕಂಡಾಗಲೆಲ್ಲ ನನಗೆ 2006ರ ಅಕ್ಟೋಬರ್ ನೆನಪಾಗುತ್ತದೆ. ಇದೇ ಹೆದ್ದಾರಿಯಲ್ಲಿ ಪುಣೆ ದಾಟಿದ ಮೇಲೆ ಸಿಗುವ ಲೋನಾವಳದ ಬಳಿ, ‘ಹ್ಯಾಬಿಟಾಟ್ ಫಾರ್ ಹ್ಯುಮ್ಯಾನಿಟಿ’ ಎಂಬ ಕ್ರೈಸ್ತ ಸೇವಾಸಂಸ್ಥೆ ಬಡವರಿಗಾಗಿ 100 ಮನೆಗಳ ನಿರ್ಮಾಣ ಕೈಗೊಂಡಿತ್ತು. ಅಮೆರಿಕದ ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ ಅವರೊಡನೆ ಹೊರದೇಶಗಳ ಸ್ವಯಂಸೇವಕರು ಬಂದಿದ್ದರು, ನಾನೂ ಸೇರಿಕೊಂಡಿದ್ದೆ.

ಬೆಳಗಿನ ಪ್ರಾರ್ಥನೆಯ ಬಳಿಕ ಇಟ್ಟಿಗೆಗಳು ಕೈಯಿಂದ ಕೈಗೆ ಸಾಗುತ್ತಿದ್ದವು. ಮಧ್ಯಾಹ್ನಕ್ಕೆ ಅಂಗೈಯಲ್ಲಿ ಬೊಬ್ಬೆ. ನಾನಿಟ್ಟ ಸಾಲು ಓರೆಯಾದಾಗ ಸ್ಥಳೀಯ ಗೌಂಡಿಯೊಬ್ಬ ಮಾತಿಲ್ಲದೆ ಬಿಚ್ಚಿ ಮತ್ತೆ ಕಟ್ಟಿದ. ನಮಗದು ಒಂದು ವಾರದ ಸೇವೆ, ಅವನಿಗೆ ಅನುದಿನದ ಅನ್ನ.

ಬೇಲೂರಿನಲ್ಲಿ ಕಾರ್ಖಾನೆಯ ಗೋಡೆ ಎಬ್ಬಿಸಿದ ಗೌಂಡಿ ರಾತ್ರಿ ತಗಡಿನ ಶೆಡ್ಡಿನಲ್ಲಿ ಮಲಗುತ್ತಾನೆ. ಸೇವೆಗೆಂದು ದೂರ ಹೋಗಿಬಂದ ನನಗೆ ಅವನು ಕಣ್ಣಿಗೆ ಬಿದ್ದದ್ದು ತಡವಾಗಿ.