ಹಳೆಯ ಪಿಕಪ್ ಗಾಡಿ: ರಿಪೇರಿ ಮಾಡಿಸುವುದೋ, ಹೊಸದು ಕೊಳ್ಳುವುದೋ?



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಭಾಗದ ಹಳ್ಳಿಗಳಲ್ಲಿ ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸವನ್ನು ಈಗ ಬಹುಮಟ್ಟಿಗೆ ಟ್ರ್ಯಾಕ್ಟರೂ ಪಿಕಪ್ ಗಾಡಿಯೂ ಮಾಡುತ್ತಿವೆ. 2005ರಲ್ಲಿ ಟಾಟಾ ಕಂಪನಿಯ ಏಸ್ ಗಾಡಿ ಪೇಟೆಗೆ ಬಂದಿತು. ಜನ ಅದನ್ನು 'ಛೋಟಾ ಹಾಥಿ' ಎಂದು ಕರೆದರು. ಅಂದಿನಿಂದ ಇಂಥ ಸಣ್ಣ ಸರಕು ಗಾಡಿಗಳು ಹಳ್ಳಿ ಹೊಕ್ಕವು. ಮೊದಮೊದಲು ಬಂದ ಗಾಡಿಗಳಿಗೆ ಈಗ ಇಪ್ಪತ್ತು ವರ್ಷ ದಾಟಿದೆ. ಹೊಗೆ ಬಿಡುತ್ತವೆ, ಏರಿನಲ್ಲಿ ದಣಿಯುತ್ತವೆ, ರಾಶಿಯ ಕಾಲಕ್ಕೆ ಸರಿಯಾಗಿ ಗ್ಯಾರೇಜು ಸೇರುತ್ತವೆ.

ಆಗ ಮನೆಯಲ್ಲಿ ಎರಡು ಮಾತು ಏಳುತ್ತವೆ. "ಇಂಜಿನ್ ಬಿಚ್ಚಿಸಿ ಕಟ್ಟಿಸಿದರೆ ಇನ್ನೂ ಐದು ವರ್ಷ ಓಡುತ್ತದೆ" ಎಂದು ಅಪ್ಪ ಹೇಳುತ್ತಾನೆ. "ಹಳೆ ಕಬ್ಬಿಣಕ್ಕೆ ರೊಕ್ಕ ಸುರಿಯುವುದು ಯಾಕೆ? ಸಾಲ ಸಿಗುತ್ತದೆ, ಹೊಸದೇ ತರೋಣ" ಎಂದು ಮಗ ಹೇಳುತ್ತಾನೆ. ಇಬ್ಬರ ಮಾತೂ ಸರಿಯಿರಬಹುದು, ಇಬ್ಬರದೂ ತಪ್ಪಿರಬಹುದು. ಇದು ಹಟದಿಂದ ತೀರುವ ಮಾತಲ್ಲ, ಲೆಕ್ಕದಿಂದ ತೀರಬೇಕಾದದ್ದು. ನಾನು ಓದಿದ್ದು ಕೃಷಿ ಡಿಪ್ಲೊಮಾ. ಇಂಜಿನ್ ಬಿಚ್ಚುವುದು ಮೇಸ್ತ್ರಿಯ ಕೆಲಸ. ಆದರೆ ಬಿಚ್ಚುವ ಮೊದಲು ಹಾಕಬೇಕಾದ ಲೆಕ್ಕವನ್ನು ರೈತನೇ ಹಾಕಬಹುದು. ಅದರ ಬಗೆಯನ್ನು ಇಲ್ಲಿ ಬರೆದಿದ್ದೇನೆ.

1. ಮೊದಲು ದುಡಿಮೆಯ ದಿನಗಳನ್ನು ಎಣಿಸಿರಿ

ಗಾಡಿಗೆ ಎಷ್ಟು ವಯಸ್ಸಾಯಿತು ಎಂದು ಎಲ್ಲರೂ ಕೇಳುತ್ತಾರೆ. ಅದು ವರ್ಷಕ್ಕೆ ಎಷ್ಟು ದಿನ ದುಡಿಯುತ್ತದೆ ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯೇ ಮುಖ್ಯ.

ಕಳೆದ ವರ್ಷದ ಕ್ಯಾಲೆಂಡರ್ ಕೈಯಲ್ಲಿ ಹಿಡಿದು ಮನೆಯವರೆಲ್ಲ ಕೂಡಿ ಕುಳಿತುಕೊಳ್ಳಿರಿ. ಗಾಡಿ ಹೊರೆ ಹೊತ್ತ ದಿನಗಳಿಗೆ ಒಂದೊಂದು ಗುರುತು ಹಾಕಿರಿ. ಗೊಬ್ಬರ ತಂದದ್ದು, ಭತ್ತ ಸಾಗಿಸಿದ್ದು, ಸಂತೆಗೆ ಕುರಿ ಒಯ್ದದ್ದು, ಊರವರಿಗೆ ಬಾಡಿಗೆ ಹೊಡೆದದ್ದು ಎಲ್ಲವೂ ಸೇರಲಿ. ಮದುವೆಗೆ, ಜಾತ್ರೆಗೆ ಹೋದ ದಿನಗಳನ್ನು ಬಿಡಿರಿ. ಸರಕು ಗಾಡಿಯಲ್ಲಿ ಜನರನ್ನು ತುಂಬಿ ಒಯ್ಯುವುದು ಕಾನೂನಿಗೆ ವಿರುದ್ಧ. ಅನಾಹುತವಾದರೆ ವಿಮೆಯವರು ಹಣ ಕೊಡಲು ತಕರಾರು ಮಾಡುತ್ತಾರೆ, ಪರಿಹಾರದ ಹೊರೆ ಮಾಲೀಕನ ಮೇಲೆ ಬೀಳಬಹುದು.

ಕಾಲುವೆ ನೀರಿನ ಗಂಗಾವತಿ ಕಡೆ ಎರಡು ಭತ್ತದ ಬೆಳೆ ಬಂದ ವರ್ಷ ಗಾಡಿಗೆ ಕೆಲಸ ಹೆಚ್ಚು. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾ ಕಡೆ ಜೋಳ, ಕಡಲೆ, ಸಜ್ಜೆಯ ರಾಶಿ ಮುಗಿದರೆ ಗಾಡಿ ಮರದ ಕೆಳಗೆ ನಿಲ್ಲುತ್ತದೆ. ದಾಳಿಂಬೆ ತೋಟವಿದ್ದವರಿಗೆ, ದಿನವೂ ತರಕಾರಿ ಸಾಗಿಸುವವರಿಗೆ ಲೆಕ್ಕವೇ ಬೇರೆ. ಆದುದರಿಂದ ಪಕ್ಕದ ಊರಿನವನು ಹೊಸದು ಕೊಂಡ ಎಂದು ನೀವು ಕೊಳ್ಳಬೇಕಾಗಿಲ್ಲ. ಅವನ ದಿನಗಳು ಬೇರೆ, ನಿಮ್ಮ ದಿನಗಳು ಬೇರೆ.

2. ಎತ್ತಿನ ಹಲ್ಲು ನೋಡಿದಂತೆ ಗಾಡಿಯನ್ನು ನೋಡಿರಿ

ಎತ್ತು ಕೊಳ್ಳುವಾಗ ನೀವು ಬಣ್ಣಕ್ಕೆ ಮರುಳಾಗುವುದಿಲ್ಲ. ಹಲ್ಲು ಎಣಿಸುತ್ತೀರಿ, ಹೆಗಲು ಮುಟ್ಟುತ್ತೀರಿ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತೀರಿ. ಗಾಡಿಗೂ ಹಾಗೆಯೇ ಮಾಡತಕ್ಕದ್ದು.

ಚಾಸಿ: ಇದು ಗಾಡಿಯ ಬೆನ್ನೆಲುಬು. ಇಂಜಿನ್ ಕೆಟ್ಟರೆ ಕಟ್ಟಿಸಬಹುದು, ಗೇರು ಪೆಟ್ಟಿಗೆ ಬದಲಿಸಬಹುದು. ಚಾಸಿ ತುಕ್ಕು ತಿಂದು ತೆಳುವಾಗಿದ್ದರೆ ಅದರ ಮೇಲೆ ಖರ್ಚು ಮಾಡಿದ ಹಣ ಮರಳಿ ಬರುವುದಿಲ್ಲ. ಗಾಡಿಯನ್ನು ಚೆನ್ನಾಗಿ ತೊಳೆಸಿ, ಕೆಸರೆಲ್ಲ ಹೋದ ಮೇಲೆ ಕೆಳಗಿನಿಂದ ನೋಡಿರಿ. ಹಿಂದಿನ ಸ್ಪ್ರಿಂಗ್ ಕೂಡುವ ಜಾಗ, ಬಾಡಿ ಕೂಡಿಸಿದ ಬೋಲ್ಟಿನ ಸುತ್ತ, ಕ್ಯಾಬಿನ್ನಿನ ತಳ ಇವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿರಿ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ತುಕ್ಕು ತಿಂದದ್ದು ಮಂದವಾಗಿ ಸದ್ದು ಮಾಡಿ ಹಕ್ಕಳೆ ಉದುರಿಸುತ್ತದೆ. ಬಿರುಕು, ಹಳೆಯ ವೆಲ್ಡಿಂಗ್ ತೇಪೆ ಕಂಡರೆ ಎಚ್ಚರವಾಗಿರಿ.

ಗೊಬ್ಬರ ಹೊರುವ ಗಾಡಿಗಳನ್ನು ವಿಶೇಷವಾಗಿ ಪರೀಕ್ಷಿಸಬೇಕು. ಪೊಟ್ಯಾಷ್ ಗೊಬ್ಬರ ಬಹುತೇಕ ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಒಂದು ಬಗೆಯ ಉಪ್ಪು. ಚೀಲದಿಂದ ಉದುರಿದ ಪುಡಿಗೆ ತೇವ ತಾಗಿದರೆ ಕಬ್ಬಿಣವನ್ನು ಬಹು ಬೇಗ ತಿನ್ನುತ್ತದೆ. ಗೊಬ್ಬರ ಇಳಿಸಿದ ದಿನವೇ ಬಾಡಿ ತೊಳೆಯುವ ರೂಢಿ ಇಟ್ಟುಕೊಂಡರೆ ಹೊಸ ಗಾಡಿಯೂ ಹೆಚ್ಚು ವರ್ಷ ಬಾಳುತ್ತದೆ.

ಇಂಜಿನ್: ರಾತ್ರಿಯೆಲ್ಲ ನಿಂತ ಗಾಡಿಯನ್ನು ಬೆಳಿಗ್ಗೆ ತಣ್ಣಗಿರುವಾಗ ಚಾಲೂ ಮಾಡಿ ನೋಡಿರಿ. ಬಿಸಿಯಾದ ಮೇಲೆ ಹೊಗೆಯ ಬಣ್ಣ ಗಮನಿಸಿರಿ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ, ರಿಂಗು ಅಥವಾ ವಾಲ್ವಿನ ಸೀಲು ಸವೆದಿರಬಹುದು. ಕಪ್ಪು ಹೊಗೆಯಾದರೆ ಡೀಸೆಲ್ ಪೂರಾ ಸುಡುತ್ತಿಲ್ಲ. ಅದು ಬರೀ ಏರ್ ಫಿಲ್ಟರ್ ಕಟ್ಟಿದ್ದರಿಂದಲೂ ಬರಬಹುದು, ಅಷ್ಟಕ್ಕೇ ಇಂಜಿನ್ ಬಿಚ್ಚಿಸಬೇಡಿರಿ. ಆಯಿಲ್ ಹಾಲು ಬೆರೆಸಿದಂತೆ ಕಂಡರೆ ಅದರಲ್ಲಿ ನೀರು ಸೇರಿದೆ, ಗಾಡಿಯನ್ನು ಮುಂದೆ ಓಡಿಸಕೂಡದು. ಇಂಜಿನ್ ನಡೆಯುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿದರೆ ಬುಸುಬುಸು ಹೊಗೆ ಹೊರಬಂದರೆ ಒಳಗೆ ಸವೆತ ಹೆಚ್ಚಾಗಿದೆ ಎಂದು ತಿಳಿಯಬಹುದು.

ಬ್ರೇಕು, ಸ್ಟೇರಿಂಗು: ರಿಪೇರಿಗೆ ಹಣ ಕಡಿಮೆಯಿದ್ದರೆ ಮೊದಲು ಇವಕ್ಕೆ ಖರ್ಚು ಮಾಡತಕ್ಕದ್ದು. ಬಣ್ಣ, ಸೀಟು, ಹಾಡಿನ ಪೆಟ್ಟಿಗೆ ಕಡೆಗೆ.

ಎಲ್ಲ ನೋಡಿದ ಮೇಲೆ ಇಬ್ಬರು ಮೇಸ್ತ್ರಿಗಳಿಂದ ಬೇರೆಬೇರೆಯಾಗಿ ಖರ್ಚಿನ ಅಂದಾಜು ಬರೆಸಿಕೊಳ್ಳಿರಿ. ಬಿಚ್ಚಿದ ಮೇಲೆ ಹೊಸ ದೋಷ ಕಾಣುವುದು ಸಹಜ. ಅದರಿಂದ ಅಂದಾಜಿನ ಮೇಲೆ ನಾಲ್ಕನೆಯ ಒಂದು ಭಾಗ ಹೆಚ್ಚಿಗೆ ಹಿಡಿಯಿರಿ.

3. ಕಾಗದಪತ್ರದ ಮಾತು

"ಹದಿನೈದು ವರ್ಷ ಆದರೆ ಸರ್ಕಾರ ಗಾಡಿ ಕಸಿದು ಗುಜರಿಗೆ ಹಾಕುತ್ತದೆ" ಎಂಬ ಸುದ್ದಿ ಹಳ್ಳಿಗಳಲ್ಲಿ ಓಡಾಡುತ್ತಿದೆ. ಇದು ಪೂರ್ತಿ ನಿಜವಲ್ಲ. 2021ರಲ್ಲಿ ಬಂದ ಕೇಂದ್ರದ ಗುಜರಿ ನೀತಿ ಖಾಸಗಿ ಮಾಲೀಕರಿಗೆ ಸ್ವಂತ ಇಚ್ಛೆಯದು. ಹದಿನೈದು ವರ್ಷಕ್ಕೆ ಕಡ್ಡಾಯ ಗುಜರಿ ಎಂಬುದು 2023ರ ಏಪ್ರಿಲ್ 1ರಿಂದ ಸರ್ಕಾರಿ ವಾಹನಗಳಿಗೆ ಬಂದ ನಿಯಮ. ಹತ್ತು ವರ್ಷದ ಡೀಸೆಲ್ ಗಾಡಿಯ ಸುದ್ದಿ ದೆಹಲಿ ಸುತ್ತಿನದು, ನಮ್ಮ ಜಿಲ್ಲೆಯದಲ್ಲ. ಹೆದರಿ ಅಗ್ಗಕ್ಕೆ ಮಾರಬೇಡಿರಿ.

ಆದರೆ ಎಫ್.ಸಿ. ಇಲ್ಲದೆ ಸರಕು ಗಾಡಿ ರಸ್ತೆಗೆ ಇಳಿಯಕೂಡದು. ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಮೇಲೆ ಪ್ರತಿ ವರ್ಷವೂ ಎಫ್.ಸಿ. ಮಾಡಿಸಬೇಕು. ಹದಿನೈದು ವರ್ಷ ದಾಟಿದ ಗಾಡಿಗಳಿಗೆ ಈ ಶುಲ್ಕವನ್ನು ಬಹಳ ಹೆಚ್ಚಿಸುವ ಕೇಂದ್ರ ನಿಯಮ 2022ರ ಏಪ್ರಿಲ್ 1ರಿಂದ ಬಂದಿತು. ಆದುದರಿಂದ ಮೇಸ್ತ್ರಿಗೆ ಮುಂಗಡ ಕೊಡುವ ಮೊದಲು ಕೊಪ್ಪಳದ ಪ್ರಾದೇಶಿಕ ಸಾರಿಗೆ ಕಚೇರಿಗೆ ಹೋಗಿ, ನಿಮ್ಮ ಗಾಡಿಯ ವಯಸ್ಸಿಗೆ ಈ ವರ್ಷ ಶುಲ್ಕ ಎಷ್ಟು, ಬಾಕಿ ತೆರಿಗೆ ಅಥವಾ ದಂಡ ಇದೆಯೇ ಎಂದು ಕೇಳಿರಿ. ಆ ಮೊತ್ತವನ್ನೂ ರಿಪೇರಿ ಖರ್ಚಿಗೆ ಸೇರಿಸಿರಿ. ಹಳೆಯ ಸಾಲ ತೀರಿದ್ದರೂ ಆರ್.ಸಿ. ಪುಸ್ತಕದಲ್ಲಿ ಸಾಲಗಾರ ಸಂಸ್ಥೆಯ ಹೆಸರು ಉಳಿದಿದ್ದರೆ ಅದನ್ನು ತೆಗೆಸಿಕೊಳ್ಳಿರಿ.

4. ಈಗ ಲೆಕ್ಕ

ಕೆಳಗಿನ ಅಂಕಿಗಳು ಲೆಕ್ಕದ ಬಗೆ ತೋರಿಸಲು ಮಾತ್ರ. ನಿಮ್ಮ ಅಂಕಿಗಳನ್ನು ನೀವೇ ಹಾಕಿಕೊಳ್ಳಬೇಕು. ಡೀಸೆಲ್, ಡ್ರೈವರ್ ಸಂಬಳ ಎರಡೂ ಕಡೆ ಇರುವುದರಿಂದ ಬಿಟ್ಟಿದೆ.

ಹೊಸ ಗಾಡಿ: ಬೆಲೆ 9 ಲಕ್ಷ ರೂಪಾಯಿ. ಕೈಯಿಂದ 2 ಲಕ್ಷ, ಸಾಲ 7 ಲಕ್ಷ, ಬಡ್ಡಿ ವರ್ಷಕ್ಕೆ ಶೇ. 10, ಅವಧಿ 5 ವರ್ಷ ಎಂದುಕೊಳ್ಳಿರಿ. ತಿಂಗಳ ಕಂತು ಸುಮಾರು 14,875 ರೂ. ವರ್ಷಕ್ಕೆ ಸುಮಾರು 1,78,500 ರೂ. ಸರ್ವಿಸ್, ಹೆಚ್ಚಿನ ವಿಮೆ ಎಂದು 20,000 ಸೇರಿಸಿದರೆ 1,98,500 ರೂ. ಕೈಯಿಂದ ಹಾಕಿದ 2 ಲಕ್ಷ ಗಾಡಿ ಮಾರಿದಾಗ ಮರಳುತ್ತದೆಂದು ಅದನ್ನು ಇಲ್ಲಿ ಹಿಡಿದಿಲ್ಲ.

ಹಳೆಯ ಗಾಡಿ, ವರ್ಷಕ್ಕೆ 60 ದಿನ ದುಡಿದರೆ: ದೊಡ್ಡ ರಿಪೇರಿ 1,50,000 ರೂ., ಅದು 4 ವರ್ಷ ಬಾಳುತ್ತದೆ. ವರ್ಷಕ್ಕೆ 37,500 ಆಯಿತು. ಸಣ್ಣಪುಟ್ಟ ರಿಪೇರಿ, ಎಫ್.ಸಿ. 25,000. ಕೆಟ್ಟು ನಿಂತ 12 ದಿನ ಬದಲಿ ಗಾಡಿಗೆ ದಿನಕ್ಕೆ 2,500ರಂತೆ 30,000. ಒಟ್ಟು 92,500 ರೂ.

ಹಳೆಯ ಗಾಡಿ, ವರ್ಷಕ್ಕೆ 200 ದಿನ ದುಡಿದರೆ: ಅದೇ ರಿಪೇರಿ 2 ವರ್ಷಕ್ಕೇ ಸವೆಯುತ್ತದೆ. ವರ್ಷಕ್ಕೆ 75,000 ಆಯಿತು. ಸಣ್ಣ ರಿಪೇರಿ 60,000. ಕೆಟ್ಟು ನಿಂತ 40 ದಿನಕ್ಕೆ 1,00,000. ಒಟ್ಟು 2,35,000 ರೂ.

ಈಗ ದಿನದ ಲೆಕ್ಕಕ್ಕೆ ತನ್ನಿರಿ. 60 ದಿನದವನಿಗೆ ಹೊಸ ಗಾಡಿ ದಿನಕ್ಕೆ ಸುಮಾರು 3,300 ರೂ., ಹಳೆಯದು ಸುಮಾರು 1,540 ರೂ. 200 ದಿನದವನಿಗೆ ಹೊಸದು ಸುಮಾರು 990 ರೂ., ಹಳೆಯದು 1,175 ರೂ. ಅದೇ ಗಾಡಿ, ಅದೇ ಬೆಲೆ. ಆದರೆ ಒಬ್ಬನಿಗೆ ರಿಪೇರಿ ಸರಿ, ಇನ್ನೊಬ್ಬನಿಗೆ ಹೊಸದು ಸರಿ. ವರ್ಷಕ್ಕೆ 25 ದಿನವಷ್ಟೇ ಕೆಲಸವಿರುವವನಿಗೆ ಎರಡೂ ಬೇಡ. ಬಾಡಿಗೆ ಗಾಡಿಯೇ ಲೇಸು.

ಇಲ್ಲಿ ಇನ್ನೊಂದು ಮಾತನ್ನು ಮರೆಯಕೂಡದು. ಕಂತು ತಿಂಗಳಿಗೊಮ್ಮೆ ಬರುತ್ತದೆ, ಬೆಳೆ ಹಾಗೆ ಬರುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೆಯ ಗೇಟು ಸರಪಳಿ ಕಡಿದು ಕೊಚ್ಚಿಹೋಯಿತು. ತುಂಬಿದ ಜಲಾಶಯದ ನೀರು ಕಣ್ಣೆದುರೇ ನದಿಗೆ ಹರಿಯಿತು. ಆ ವಾರ ಕಾಲುವೆ ಕೆಳಗಿನ ರೈತರಿಗೆಲ್ಲ ಎರಡನೆಯ ಬೆಳೆಯ ಚಿಂತೆ ಹತ್ತಿತ್ತು. ಕಂತಿನ ತಾರೀಕಿಗೆ ಗೇಟಿನ ಸುದ್ದಿ ಗೊತ್ತಾಗುವುದಿಲ್ಲ, ಮಳೆ ಹೋದದ್ದೂ ಗೊತ್ತಾಗುವುದಿಲ್ಲ. ಬೆಳೆ ಕೈಕೊಟ್ಟರೂ ಆರು ತಿಂಗಳ ಕಂತು ಕಟ್ಟುವ ಶಕ್ತಿ ಇದ್ದವರು ಮಾತ್ರ ಸಾಲದ ಗಾಡಿಗೆ ಕೈ ಹಾಕತಕ್ಕದ್ದು. ಗಾಡಿಗಾಗಿ ಹೊಲವನ್ನು ಒತ್ತೆ ಇಡುವುದಂತೂ ಬೇಡವೇ ಬೇಡ. ಗಾಡಿ ವರ್ಷದಿಂದ ವರ್ಷಕ್ಕೆ ಬೆಲೆ ಕಳೆದುಕೊಳ್ಳುವ ವಸ್ತು, ಹೊಲ ಹಾಗಲ್ಲ.

5. ಹೊಸದು ಕೊಳ್ಳುವವರಿಗೆ

2020ರ ಏಪ್ರಿಲ್‌ನಿಂದ ಹೊಸ ಗಾಡಿಗಳೆಲ್ಲ ಬಿ.ಎಸ್.-6 ಮಟ್ಟದವು. ಇವು ಹೊಗೆ ಕಡಿಮೆ ಬಿಡುತ್ತವೆ. ಆದರೆ ಇವುಗಳ ದೋಷ ಹುಡುಕಲು ಕಂಪ್ಯೂಟರ್ ಯಂತ್ರ ಬೇಕು, ಊರ ಮೇಸ್ತ್ರಿಯ ಪಾನಾಕ್ಕೆ ಎಲ್ಲವೂ ಬಗ್ಗುವುದಿಲ್ಲ. ಸರ್ವಿಸ್ ಕೇಂದ್ರ ಎಷ್ಟು ದೂರ ಎಂದು ಮೊದಲೇ ವಿಚಾರಿಸಿರಿ. ಡೀಸೆಲ್ ಗಾಡಿಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇದ್ದರೆ, ಬರೀ ಮನೆಯಿಂದ ಹೊಲಕ್ಕೆ ಓಡಾಡಿದಾಗ ಅದು ಕಟ್ಟಿಕೊಳ್ಳಬಹುದು. ಆಗಾಗ ದೂರದ ರಸ್ತೆಯಲ್ಲಿ ಓಡಿಸಬೇಕಾಗುತ್ತದೆ. ಕೆಲವು ಮಾದರಿಗಳಿಗೆ ಬೇರೆ ಟ್ಯಾಂಕಿನಲ್ಲಿ ಯೂರಿಯಾ ದ್ರಾವಣ ಹಾಕಬೇಕು. ಅದು ಅದಕ್ಕೆಂದೇ ಮಾಡಿದ ಶುದ್ಧ ದ್ರಾವಣ. ಹೊಲಕ್ಕೆ ತಂದ ಯೂರಿಯಾವನ್ನು ನೀರಿನಲ್ಲಿ ಕರಗಿಸಿ ಹಾಕಿದರೆ ಯಂತ್ರ ಕೆಡುತ್ತದೆ.

ಸರಕು ವಾಹನಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಆದುದರಿಂದ ಅದಕ್ಕೆ ಮೊದಲು ಕೊಂಡವರ ಬೆಲೆ ಹಿಡಿದು ವ್ಯವಹಾರ ಮಾಡಬೇಡಿರಿ. ತೆರಿಗೆ, ವಿಮೆ, ನೋಂದಣಿ ಎಲ್ಲ ಸೇರಿದ ಬೆಲೆಯನ್ನು ಬರೆಸಿಕೊಂಡು ಎರಡು ಕಡೆ ಹೋಲಿಸಿರಿ. ಸಾಲದಲ್ಲೂ ಅಷ್ಟೇ. ಕಂತು ಎಷ್ಟು ಎಂದು ಮಾತ್ರ ಕೇಳದೆ, ಕಡೆಗೆ ಒಟ್ಟು ಎಷ್ಟು ಕಟ್ಟುತ್ತೇವೆ ಎಂದು ಕೇಳಿರಿ. ಮೇಲಿನ ಲೆಕ್ಕದಲ್ಲಿ 7 ಲಕ್ಷಕ್ಕೆ ಸುಮಾರು 8,92,000 ರೂ. ಕಟ್ಟಿದಂತಾಯಿತು.

6. ಹಳೆಯದನ್ನು ಬಿಡುವವರಿಗೆ

ಗಾಡಿಯನ್ನು ಗುಜರಿಗೆ ಕೊಟ್ಟು ಆರ್.ಸಿ. ರದ್ದು ಮಾಡಿಸದೆ ಇದ್ದರೆ ದಾಖಲೆಯಲ್ಲಿ ನೀವೇ ಮಾಲೀಕರು. ಮುಂದೆ ಅದರ ನಂಬರಿನಿಂದ ಏನಾದರೂ ಆದರೆ ನೋಟೀಸು ನಿಮ್ಮ ಮನೆಗೆ ಬರುತ್ತದೆ. ಸರ್ಕಾರದಲ್ಲಿ ನೋಂದಾಯಿಸಿದ ಗುಜರಿ ಕೇಂದ್ರಕ್ಕೆ ಒಪ್ಪಿಸಿದರೆ ಪ್ರಮಾಣಪತ್ರ ಕೊಡುತ್ತಾರೆ. ಅದನ್ನು ತೋರಿಸಿದರೆ ಹೊಸ ಗಾಡಿಯ ತೆರಿಗೆಯಲ್ಲಿ ರಿಯಾಯಿತಿಗೆ ಅವಕಾಶವಿದೆ. ಬೇರೆಯವರಿಗೆ ಮಾರಿದರೆ ಹೆಸರು ಬದಲಾವಣೆ ಮುಗಿಯುವವರೆಗೆ ಬಿಡಬೇಡಿರಿ.

ಕಡೆಯದಾಗಿ ನೆನಪಿಡಬೇಕಾದ ನಾಲ್ಕು ಮಾತು:

ಚಾಸಿ ಕೆಟ್ಟಿದ್ದರೆ ರಿಪೇರಿಯ ಮಾತೇ ಬೇಡ.
ಚಾಸಿ ಗಟ್ಟಿಯಿದ್ದು, ಕಾಗದ ಸರಿಯಿದ್ದು, ದುಡಿಮೆಯ ದಿನ ಕಡಿಮೆಯಿದ್ದರೆ ರಿಪೇರಿ ಮಾಡಿಸಿರಿ.
ವರ್ಷದ ಬಹುಪಾಲು ದಿನ ಕೆಲಸವಿದ್ದು, ಬೆಳೆ ಹೋದರೂ ಕಂತು ಕಟ್ಟುವ ದಾರಿ ಇದ್ದರೆ ಹೊಸದು ಕೊಳ್ಳಿರಿ.
ಕೆಲಸವೇ ಕಡಿಮೆಯಿದ್ದರೆ ಬಾಡಿಗೆ ಹಿಡಿಯಿರಿ, ಇಲ್ಲವೆ ನಂಬಿಕೆಯ ಇಬ್ಬರು ಮೂವರು ಕೂಡಿ, ಖರ್ಚಿನ ಪಾಲನ್ನು ಕಾಗದದಲ್ಲಿ ಬರೆದುಕೊಂಡು ಒಂದು ಗಾಡಿ ಇಟ್ಟುಕೊಳ್ಳಿರಿ.

ಮನೆಯ ಮುಂದೆ ಹೊಸ ಗಾಡಿ ನಿಂತರೆ ಊರು ನಾಲ್ಕು ದಿನ ನೋಡುತ್ತದೆ. ಕಂತನ್ನು ಮನೆಯವರೇ ಐದು ವರ್ಷ ಕಟ್ಟಬೇಕು. ಮುಂದಿನ ಸಲ ನಾನು ನಿಮ್ಮೂರಿಗೆ ಬಂದಾಗ ಗುರುತು ಹಾಕಿದ ಕ್ಯಾಲೆಂಡರನ್ನೂ ಮೇಸ್ತ್ರಿ ಬರೆದುಕೊಟ್ಟ ಅಂದಾಜನ್ನೂ ಇಟ್ಟುಕೊಂಡಿರಿ. ಕಟ್ಟೆಯ ಮೇಲೆ ಕುಳಿತು ಕೂಡಿ ಲೆಕ್ಕ ಹಾಕೋಣ.