ಕಾಗದ ಕೈಸೇರುವ ಬಗೆ

ಹುಟ್ಟಿದೂರನ್ನು ಬಿಟ್ಟು ಬಂದು ವಿದ್ಯಾರ್ಥಿ ನಿಲಯದಲ್ಲಿ ನಿಂತು ಓದಿದವರಿಗೆ ಅಂಚೆಪೇದೆಯ ಆಗಮನವು ದಿನದ ಮುಖ್ಯ ಘಟನೆಗಳಲ್ಲಿ ಒಂದಾಗಿತ್ತು. ತಂದೆಯ ಕಾರ್ಡು, ತಿಂಗಳ ಖರ್ಚಿನ ಮನಿಯಾರ್ಡರು, ದೂರದ ದಾನಿಯೊಬ್ಬರ ಕಾಣಿಕೆ, ಕೆಲಸಕ್ಕೆ ಕರೆದ ಪತ್ರ, ಎಲ್ಲವೂ ಆ ಒಂದೇ ಚೀಲದಿಂದ ಹೊರಬರುತ್ತಿದ್ದವು. ಆ ಚೀಲವು ಅಂಚೆಪೇದೆಯ ಹೆಗಲೇರುವುದಕ್ಕೆ ಮೊದಲು ಎಷ್ಟು ಜನರ ಕೈಗಳನ್ನು ದಾಟಿ ಬಂದಿತ್ತೆಂಬುದನ್ನು ಯೋಚಿಸಿದವರು ವಿರಳ. ಅರಸೀಕೆರೆಯ ಪೇಟೆಯಲ್ಲಿ ಸಂಜೆ ಪೆಟ್ಟಿಗೆಗೆ ಬಿದ್ದ ಒಂದು ಕಾಗದವು ಹಳೇಬೀಡಿನ ಆಚೆಯ ಯಾವುದೋ ಹಳ್ಳಿಯ ಮನೆಯನ್ನು ಹೇಗೆ ಸೇರುತ್ತದೆಂಬುದನ್ನು ಹಿಂಬಾಲಿಸಿ ನೋಡಿದರೆ, ಆ ಪಯಣದ ಮೊದಲ ಹೆಜ್ಜೆಗಳನ್ನೆಲ್ಲ ನಿಯಮವೂ ಯಂತ್ರವೂ ನಡೆಸಬಲ್ಲವು, ಕೊನೆಯ ಹೆಜ್ಜೆಯನ್ನು ಮಾತ್ರ ಊರನ್ನು ಬಲ್ಲ ಮನುಷ್ಯನೇ ಇಡಬೇಕು ಎಂಬುದು ತಿಳಿದುಬರುತ್ತದೆ.

ಹಳಗನ್ನಡದಲ್ಲಿ ಅಂಚೆಯೆಂದರೆ ಹಂಸ. ನಳನ ಗುಣಗಳನ್ನು ದಮಯಂತಿಗೆ ತಿಳಿಸಿದ ದೂತನೂ ಹಂಸವೇ ಆದ್ದರಿಂದ ಕನ್ನಡಿಗರ ಕಿವಿಗೆ ಈ ಹೆಸರು ಬಹಳ ಒಪ್ಪುತ್ತದೆ. ಉತ್ತರದ ಜಿಲ್ಲೆಗಳಲ್ಲಿ ಟಪಾಲು ಎಂಬ ಮಾತು ರೂಢಿಯಲ್ಲಿದ್ದರೆ ಹಳೆಯ ಮೈಸೂರಿನಲ್ಲಿ ಅಂಚೆಯೇ ನೆಲೆನಿಂತಿತು. ಹದಿನೇಳನೆಯ ಶತಮಾನದ ಕೊನೆಯ ಭಾಗದಲ್ಲಿ ಆಳಿದ ಚಿಕ್ಕದೇವರಾಜ ಒಡೆಯರು ತಮ್ಮ ರಾಜ್ಯದಲ್ಲಿ ಅಂಚೆಯ ವ್ಯವಸ್ಥೆಯನ್ನು ಏರ್ಪಡಿಸಿದರು. ಪತ್ರಗಳನ್ನು ಒಯ್ಯುವುದರ ಜೊತೆಗೆ ಸೀಮೆಯ ಸುದ್ದಿಯನ್ನು ಅರಸರಿಗೆ ಮುಟ್ಟಿಸುವುದೂ ಆ ಅಂಚೆಯವರ ಕೆಲಸವಾಗಿತ್ತು. ಸುಮಾರು ಎರಡು ಶತಮಾನ ಬಾಳಿದ ಮೈಸೂರು ಅಂಚೆಯು 1889ರಲ್ಲಿ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ವಿಲೀನವಾಯಿತು. ಬೆಂಗಳೂರಿನಿಂದ ಅರಸೀಕೆರೆಯನ್ನು ಹಾದು ಹರಿಹರವನ್ನು ಮುಟ್ಟುವ ರೈಲುಮಾರ್ಗವು ಪೂರ್ಣಗೊಂಡದ್ದೂ ಅದೇ ಸುಮಾರಿಗೆ. ಕಾಲ್ನಡಿಗೆಯ ಹರಿಕಾರನ ಗೆಜ್ಜೆಕೋಲಿನ ಸದ್ದು ಹೆದ್ದಾರಿಗಳಲ್ಲಿ ಕ್ರಮವಾಗಿ ಅಡಗಿ, ಚೀಲಗಳು ರೈಲುಗಾಡಿಯನ್ನೇರತೊಡಗಿದವು.

ಇನ್ನು ಕಾಗದದ ಕಡೆಗೆ ಬರೋಣ. ಪ್ರತಿಯೊಂದು ಅಂಚೆಪೆಟ್ಟಿಗೆಗೂ ತೆರೆಯುವ ವೇಳೆ ಗೊತ್ತಾಗಿರುತ್ತದೆ. ಪೆಟ್ಟಿಗೆಯನ್ನು ತೆರೆದವರು ನಿಗದಿಯಾದ ವೇಳೆಗೆ ಅಲ್ಲಿಗೆ ಹೋಗಿದ್ದರೆಂಬುದಕ್ಕೆ ಸಾಕ್ಷಿಯೂ ಬೇಕು. ಹಿಂದೆ ಮುಂದಿನ ವೇಳೆಯನ್ನು ತೋರಿಸುವ ಪುಟ್ಟ ಫಲಕವನ್ನು ಬದಲಿಸುವುದೇ ಆ ಸಾಕ್ಷಿಯಾಗಿತ್ತು. ಈಚೆಗೆ ಪೆಟ್ಟಿಗೆಯ ಒಳಗೆ ಅಂಟಿಸಿದ ಪಟ್ಟೆಗುರುತನ್ನು ಮೊಬೈಲಿನಿಂದ ಓದಿಸುವ ಕ್ರಮವು ಅನೇಕ ಕಡೆ ಬಂದಿದೆ. ಕಛೇರಿಗೆ ತಂದು ಸುರಿದ ಕಾಗದಗಳನ್ನು ಮೊದಲು ಮುಖಮಾಡಿಸುತ್ತಾರೆ. ಎಂದರೆ ವಿಳಾಸವೆಲ್ಲ ಮೇಲಕ್ಕೆ, ಅಂಚೆಚೀಟಿಯೆಲ್ಲ ಒಂದೇ ಮೂಲೆಗೆ ಬರುವಂತೆ ಜೋಡಿಸುತ್ತಾರೆ. ಅನಂತರ ಠಸ್ಸೆ. ನೋಡುವವರಿಗೆ ಅದು ಬರಿಯ ಟಪ್ ಟಪ್ ಎಂಬ ಸದ್ದು. ಆದರೆ ಅಂಚೆಚೀಟಿಯನ್ನು ಮತ್ತೆ ಬಳಸದಂತೆ ರದ್ದುಪಡಿಸುವುದೂ, ಕಾಗದವು ಯಾವ ಊರಿನಲ್ಲಿ ಯಾವ ದಿನ ಇಲಾಖೆಯ ವಶಕ್ಕೆ ಬಂದಿತೆಂಬುದನ್ನು ದಾಖಲಿಸುವುದೂ ಆ ಒಂದು ಹೊಡೆತದಲ್ಲಿಯೇ ನಡೆದುಹೋಗುತ್ತದೆ. ಠಸ್ಸೆಯ ತಾರೀಖನ್ನು ಪ್ರತಿದಿನ ಬೆಳಿಗ್ಗೆ ಬದಲಿಸಿ, ಅದರ ಗುರುತನ್ನು ಪುಸ್ತಕದಲ್ಲಿ ಒತ್ತಿ ಪರಿಶೀಲಿಸುವ ಪದ್ಧತಿಯಿದೆ. ಅರ್ಜಿಯ ಕೊನೆಯ ದಿನವೆಂದೋ ಕೋರ್ಟಿನ ವಾಯಿದೆಯೆಂದೋ ವಾದ ಹುಟ್ಟಿದಾಗ ಲಕೋಟೆಯ ಮೇಲಿನ ಆ ಮಸಿಯ ವೃತ್ತವೇ ಮಾತನಾಡಬೇಕಾಗುವುದರಿಂದ ಈ ಎಚ್ಚರಿಕೆ. ಚೀಟಿಯ ಬೆಲೆ ಸಾಲದಿದ್ದರೆ ಕೊರತೆಯ ಇಮ್ಮಡಿಯನ್ನು ಕಾಗದ ಪಡೆಯುವವರಿಂದ ವಸೂಲು ಮಾಡುವುದೂ ಇಲ್ಲಿಯೇ ಗೊತ್ತಾಗುತ್ತದೆ.

ಠಸ್ಸೆಯ ಮೇಜಿನಿಂದ ಕಾಗದವು ಗೂಡುಗಳ ಮುಂದೆ ಬರುತ್ತದೆ. ಗೋಡೆಗೆ ಒರಗಿಸಿದ ಮರದ ಅಥವಾ ಕಬ್ಬಿಣದ ಚೌಕಟ್ಟು, ಅದರಲ್ಲಿ ಸಾಲುಸಾಲಾಗಿ ಚಿಕ್ಕ ಚಿಕ್ಕ ಗೂಡುಗಳು, ಒಂದೊಂದಕ್ಕೂ ಒಂದು ಊರಿನ ಅಥವಾ ಒಂದು ದಿಕ್ಕಿನ ಹೆಸರು. ವಿಂಗಡಿಸುವವರು ಎಡಗೈಯಲ್ಲಿ ಕಟ್ಟನ್ನು ಹಿಡಿದು ಬಲಗೈಯಿಂದ ಒಂದೊಂದಾಗಿ ಎಸೆಯುತ್ತ ಹೋಗುತ್ತಾರೆ. ಅವರು ಹೆಸರನ್ನು ಓದುವುದಿಲ್ಲ, ಬೀದಿಯನ್ನೂ ಓದುವುದಿಲ್ಲ. ಕಣ್ಣು ಹೋಗುವುದು ವಿಳಾಸದ ಕೊನೆಯ ಸಾಲಿಗೆ. ಕಳುಹಿಸಿದವರು ಅತ್ಯಂತ ಅವಸರದಲ್ಲಿ ಗೀಚುವ ಸಾಲೂ ಅದೇ ಆಗಿರುವುದು ಅಂಚೆಯವರ ಹಳೆಯ ಸಂಕಟ.

ಬೇಲೂರಿನ ಉದಾಹರಣೆಯನ್ನೇ ನೋಡಬಹುದು. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಚೆನ್ನಕೇಶವನನ್ನು ಪ್ರತಿಷ್ಠಾಪಿಸಿದ ಬೇಲೂರು ಹಾಸನ ಜಿಲ್ಲೆಯಲ್ಲಿದೆ. ಗಂಗಾತೀರದಲ್ಲಿ, ಹೌರಾ ಜಿಲ್ಲೆಯಲ್ಲಿ, ರಾಮಕೃಷ್ಣ ಮಠದ ಕೇಂದ್ರವಾದ ಇನ್ನೊಂದು ಬೇಲೂರಿದೆ. ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರನ್ನು ಇಂಗ್ಲಿಷಿನಲ್ಲಿ ಬರೆದಾಗ ಒಂದು ಅಕ್ಷರ ತಪ್ಪಿದರೆ ಅದೂ ಬೇಲೂರೇ ಆಗಿಬಿಡುತ್ತದೆ. ಅರಸೀಕೆರೆಗೂ ಒಬ್ಬ ದಾಯಾದಿ ಉಂಟು. ಹರಪನಹಳ್ಳಿ ತಾಲ್ಲೂಕಿನಲ್ಲಿ ಅದೇ ಹೆಸರಿನ ಊರಿದೆ. ಹಳೇಬೀಡನ್ನು ಇಂಗ್ಲಿಷಿನಲ್ಲಿ ಬರೆಯುವ ಬಗೆಗಳು ಹಲವು. ಊರುಗಳಿಗೇ ಹೀಗಾದರೆ, ಹೊಸಹಳ್ಳಿ ಹೊಸೂರು ಎಂಬ ಹಳ್ಳಿಗಳ ಪಾಡನ್ನು ಹೇಳುವಂತೆಯೇ ಇಲ್ಲ.

ಈ ತೊಡಕನ್ನು ಬಿಡಿಸಲೆಂದೇ 1972ರ ಆಗಸ್ಟ್ 15ರಂದು ಪಿನ್ ಕೋಡ್ ಜಾರಿಗೆ ಬಂದಿತು. ಅದರ ಕರ್ತೃ ಶ್ರೀರಾಮ ಭಿಕಾಜಿ ವೇಲಣಕರ್ ಅವರು ಸಂಪರ್ಕ ಸಚಿವಾಲಯದ ಹಿರಿಯ ಅಧಿಕಾರಿಗಳಾಗಿದ್ದಂತೆಯೇ ಸಂಸ್ಕೃತ ಕವಿಗಳೂ ಆಗಿದ್ದರೆಂಬುದು ಅಧ್ಯಾಪಕರಿಗೆ ಸಂತೋಷ ಕೊಡುವ ಸಂಗತಿ. ಲಿಪಿಯ ಭೇದವಿಲ್ಲದೆ ಓದಬಹುದಾದ ಆರು ಅಂಕಿಗಳಲ್ಲಿ ಅವರು ಇಡೀ ದೇಶವನ್ನು ಅಡಗಿಸಿದರು. ಮೊದಲ ಅಂಕಿಯಾದ 5 ಆಂಧ್ರ, ತೆಲಂಗಾಣ, ಕರ್ನಾಟಕಗಳ ಭಾಗವನ್ನು ಸೂಚಿಸುತ್ತದೆ. 573 ಎಂದೊಡನೆ ಕಾಗದವು ಹಾಸನ ಜಿಲ್ಲೆಯ ಕಡೆಗೆ ತಿರುಗುತ್ತದೆ. ಕೊನೆಯ ಮೂರು ಅಂಕಿಗಳು ಬಟವಾಡೆಯ ಕಛೇರಿಯನ್ನು ಗುರುತಿಸುತ್ತವೆ. ಅರಸೀಕೆರೆ 573103, ಬೇಲೂರು 573115, ಹಳೇಬೀಡು 573121. ಬಂಗಾಳದ ಬೇಲೂರು ಮಠದ ಸಂಖ್ಯೆ 711202 ಆದ್ದರಿಂದ ಅಂಕಿಯನ್ನು ನೋಡಿದವರಿಗೆ ಎರಡು ಬೇಲೂರುಗಳ ನಡುವೆ ಗೊಂದಲವೇ ಇಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ ಹೋಗಿ, ಮತ್ತೆ ಬಳ್ಳಾರಿಗೆ ಬಂದು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದರೂ ಅಲ್ಲಿಯ ಅರಸೀಕೆರೆಯ ಪಿನ್ 583ರಿಂದಲೇ ಆರಂಭವಾಗುತ್ತದೆ. ಆಡಳಿತದ ಗಡಿ ಬದಲಾದರೂ ಅಂಚೆಯ ಗಡಿ ಅಷ್ಟು ಸುಲಭವಾಗಿ ಕದಲುವುದಿಲ್ಲ.

ಪಿನ್ ಬರುವುದಕ್ಕೆ ಮೊದಲು ಈ ಎಲ್ಲ ಜ್ಞಾನವೂ ವಿಂಗಡಿಸುವವರ ನೆನಪಿನಲ್ಲಿರಬೇಕಾಗಿತ್ತು. ಅದರಲ್ಲಿಯೂ ರೈಲ್ವೆ ಅಂಚೆ ಸೇವೆಯವರ ಕೆಲಸವು ಕಠಿಣವಾದದ್ದು. ಚಲಿಸುವ ಗಾಡಿಯಲ್ಲಿ ಕಾಗದ ವಿಂಗಡಿಸುವ ಪದ್ಧತಿಯು ಭಾರತದಲ್ಲಿ 1863ರಲ್ಲಿ ಅಲಹಾಬಾದು ಮತ್ತು ಕಾನ್ಪುರಗಳ ನಡುವೆ ಮೊದಲಾಯಿತು. ರಾತ್ರಿಯಿಡೀ ತೂಗಾಡುವ ಡಬ್ಬಿಯಲ್ಲಿ ನಿಂತು, ಮಂಕು ದೀಪದಲ್ಲಿ ನಾನಾ ಕೈಬರಹಗಳನ್ನು ಓದಿ, ಮುಂದಿನ ನಿಲ್ದಾಣ ಬರುವಷ್ಟರಲ್ಲಿ ಅದರ ಚೀಲವನ್ನು ಕಟ್ಟಿ, ಅರಗಿನ ಮುದ್ರೆಯೊತ್ತಿ ಸಿದ್ಧವಾಗಿಡಬೇಕು. ಹೆಚ್ಚಿನ ಶುಲ್ಕದ ಚೀಟಿ ಹಚ್ಚಿ ಗಾಡಿಯ ಪೆಟ್ಟಿಗೆಗೇ ಕಾಗದ ಹಾಕುವ ಸೌಲಭ್ಯವೂ ಇತ್ತು. ಬೆಂಗಳೂರು ಹುಬ್ಬಳ್ಳಿಗಳ ಹಾದಿಯಿಂದ ಹಾಸನ ಮೈಸೂರುಗಳ ಹಾದಿ ಕವಲೊಡೆಯುವ ಅರಸೀಕೆರೆಯು ಇಂತಹ ಚೀಲಗಳಿಗೆ ಸಹಜವಾದ ಕೂಡುದಾಣ. ಕೊಬ್ಬರಿಯ ವ್ಯಾಪಾರಕ್ಕೆ ಹೆಸರಾದ ಪೇಟೆಯ ವರ್ತಕರ ಪತ್ರಗಳಿಗೂ ಅದೇ ಬಾಗಿಲು. ಗಾಡಿಯೊಳಗಿನ ವಿಂಗಡಣೆಯು ಕ್ರಮೇಣ ನಿಂತು, ಆ ಕೆಲಸವು ಈಗ ನಿಂತ ನೆಲದ ಕೇಂದ್ರಗಳಿಗೆ ವರ್ಗವಾಗಿದೆ.

ಅರಸೀಕೆರೆಯಲ್ಲಿ ಹಾಕಿದ ಕಾಗದವು ಬಸ್ಸಿನಷ್ಟು ನೇರವಾಗಿ ಹಳೇಬೀಡಿಗೆ ಏಕೆ ಹೋಗುವುದಿಲ್ಲವೆಂದು ಕೇಳುವವರುಂಟು. ಇದಕ್ಕೆ ಉತ್ತರ ಸರಳವಾದ ಗಣಿತದಲ್ಲಿದೆ. ನೂರು ಕಛೇರಿಗಳಿದ್ದು ಪ್ರತಿಯೊಂದೂ ಉಳಿದ ತೊಂಬತ್ತೊಂಬತ್ತಕ್ಕೆ ಬೇರೆ ಬೇರೆ ಚೀಲ ಕಟ್ಟಿದರೆ ದಿನಕ್ಕೆ 9,900 ಚೀಲಗಳಾಗುತ್ತವೆ, ಅವುಗಳಲ್ಲಿ ಎಷ್ಟೋ ಚೀಲಗಳಲ್ಲಿ ಒಂದೇ ಕಾಗದವಿದ್ದೀತು. ಎಲ್ಲರೂ ಒಂದು ಕೇಂದ್ರಕ್ಕೆ ಒಂದೊಂದು ಚೀಲ ಕಳುಹಿಸಿ, ಅಲ್ಲಿಂದ ಒಂದೊಂದು ಚೀಲ ಪಡೆದರೆ 200 ಚೀಲಗಳು ಸಾಕು. ಹತ್ತಿರದ ಊರಿಗೆ ಹೋಗುವ ಕಾಗದವು ಒಮ್ಮೊಮ್ಮೆ ದೂರ ಸುತ್ತಿಬರುವುದು ಈ ಉಳಿತಾಯಕ್ಕೆ ತೆರುವ ಬೆಲೆ.

ಬೇಲೂರು ಮತ್ತು ಹಳೇಬೀಡುಗಳು ರೈಲಿನ ನೆರವಿಲ್ಲದೆ ಬೆಳೆದ ಊರುಗಳಾದ್ದರಿಂದ ಅವುಗಳ ಚೀಲಗಳಿಗೆ ರಸ್ತೆಯೇ ಗತಿ. ಬೆಳಗಿನ ಹೊತ್ತು ಚೀಲವು ಬಂದಿಳಿದೊಡನೆ ಕಛೇರಿಯವರು ಮೊದಲು ನೋಡುವುದು ಮುದ್ರೆಯನ್ನು. ಮುದ್ರೆ ಒಡೆದಿದ್ದರೆ, ದಾರ ಸಡಿಲವಾಗಿದ್ದರೆ, ತೂಕದಲ್ಲಿ ಅನುಮಾನವಿದ್ದರೆ ಅಲ್ಲಿಯೇ ಬರೆದಿಡಬೇಕು. ಇಲ್ಲವಾದರೆ ಹೊಣೆಯು ತೆರೆದವರ ಮೇಲೆ ನಿಲ್ಲುತ್ತದೆ. ರಿಜಿಸ್ಟರು ಮಾಡಿದ ವಸ್ತುಗಳಲ್ಲಿ ಈ ಹೊಣೆಯ ಸರಪಳಿಯು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದು ಕೈಯಿಂದ ಇನ್ನೊಂದು ಕೈಗೆ ಹೋಗುವಾಗಲೆಲ್ಲ ಪಟ್ಟಿಯಲ್ಲಿ ಸಂಖ್ಯೆ, ಪಡೆದವರ ರುಜು. ಈ ರಿಜಿಸ್ಟರು ಸೇವೆಯನ್ನು 1986ರಲ್ಲಿ ಆರಂಭವಾದ ಸ್ಪೀಡ್ ಪೋಸ್ಟಿನೊಂದಿಗೆ 2025ರಲ್ಲಿ ಸೇರಿಸಲಾಯಿತು. ರುಜುವಿನ ಪಟ್ಟಿಯ ಸ್ಥಾನವನ್ನು ಪಟ್ಟೆಗುರುತಿನ ಓದು ಬಹುಮಟ್ಟಿಗೆ ಹಿಡಿದಿದೆ, ಆದರೆ ಪ್ರತಿ ಹಂತದಲ್ಲಿಯೂ ಒಬ್ಬರು ಉತ್ತರ ಹೇಳಬೇಕೆಂಬ ತತ್ತ್ವ ಹಾಗೆಯೇ ಉಳಿದಿದೆ.

ಊರೊಳಗಿನ ಕಾಗದಗಳನ್ನು ಬೀದಿಯ ಸರಹದ್ದಿಗೆ ತಕ್ಕಂತೆ ಹಂಚಿಕೊಂಡ ಅಂಚೆಪೇದೆಗಳು ಅವುಗಳನ್ನು ತಾವು ನಡೆಯುವ ದಾರಿಯ ಕ್ರಮದಲ್ಲಿ ಮತ್ತೊಮ್ಮೆ ಜೋಡಿಸುತ್ತಾರೆ. ಈ ಜೋಡಣೆಗೆ ಪುಸ್ತಕವಿಲ್ಲ. ಯಾವ ಮನೆಯವರು ಹೊಲಕ್ಕೆ ಹೋಗಿರುತ್ತಾರೆ, ಯಾವ ಅಂಗಡಿಯಲ್ಲಿ ಕೊಟ್ಟರೆ ಯಾರಿಗೆ ಮುಟ್ಟುತ್ತದೆ, ಒಂದೇ ಕೇರಿಯಲ್ಲಿರುವ ಮೂವರು ಬಸಪ್ಪಂದಿರಲ್ಲಿ ಮಗ ಸೈನ್ಯದಲ್ಲಿರುವವರು ಯಾರು ಎಂಬುದು ಅವರ ತಲೆಯಲ್ಲಿರುತ್ತದೆ.

ಹಳ್ಳಿಗಳ ಕಾಗದಗಳು ಇನ್ನೂ ಒಂದು ಹಂತ ಮುಂದೆ ಹೋಗಬೇಕು. ಉಪಕಛೇರಿಯು ತನ್ನ ಅಧೀನದ ಒಂದೊಂದು ಶಾಖಾ ಅಂಚೆ ಕಛೇರಿಗೂ ಒಂದೊಂದು ಚಿಕ್ಕ ಚೀಲ ಕಟ್ಟುತ್ತದೆ. ಕಾಗದಗಳ ಜೊತೆಗೆ ಹಣ, ಅಂಚೆಚೀಟಿ, ಲೆಕ್ಕದ ಚೀಟಿಯೂ ಅದರಲ್ಲಿರುತ್ತವೆ. ಭಾರತದಲ್ಲಿರುವ 1,64,000ಕ್ಕೂ ಹೆಚ್ಚಿನ ಅಂಚೆ ಕಛೇರಿಗಳಲ್ಲಿ ನೂರಕ್ಕೆ ಸುಮಾರು ತೊಂಬತ್ತು ಹಳ್ಳಿಗಾಡಿನವು, ಅವುಗಳಲ್ಲಿ ಬಹುಪಾಲು ಇಂತಹ ಶಾಖೆಗಳೇ. ಇವುಗಳಿಗೆ ಸರ್ಕಾರದ ಕಟ್ಟಡ ಅಪರೂಪ. ನಡೆಸುವವರ ಮನೆಯ ಜಗಲಿಯೋ ಮುಂಭಾಗದ ಕೋಣೆಯೋ ಕಛೇರಿಯಾಗುತ್ತದೆ. ಒಂದು ಕಾಲಕ್ಕೆ ಊರಿನ ಉಪಾಧ್ಯಾಯರೇ ಅನೇಕ ಕಡೆ ಶಾಖಾ ಅಂಚೆಪಾಲಕರಾಗಿದ್ದು, ಪಾಠ ಮುಗಿದ ಮೇಲೆ ಅದೇ ಮೇಜಿನಲ್ಲಿ ಠಸ್ಸೆ ಹಿಡಿಯುತ್ತಿದ್ದರು. ಓದುಬಾರದವರಿಗೆ ಕಾಗದವನ್ನು ಓದಿಹೇಳುವುದೂ ಉತ್ತರದ ಒಕ್ಕಣೆಯನ್ನು ಬರೆದುಕೊಡುವುದೂ ಅವರ ಪಾಲಿಗೆ ಬಂದ ಸಂಬಳವಿಲ್ಲದ ಕೆಲಸಗಳು.

ಈ ಶಾಖೆಗಳ ಸಿಬ್ಬಂದಿಯನ್ನು ಹಿಂದೆ ಇಲಾಖೇತರ ನೌಕರರೆಂದು ಕರೆಯುತ್ತಿದ್ದರು, ಈಗಿನ ಹೆಸರು ಗ್ರಾಮೀಣ ಡಾಕ್ ಸೇವಕರು. ಕಾಗದದ ಮೇಲೆ ಅವರ ಕೆಲಸ ದಿನಕ್ಕೆ ನಾಲ್ಕು ಅಥವಾ ಐದು ಗಂಟೆಗಳದು. ಅವರಿಗೆ ದೊರೆಯುವುದು ಸಂಬಳವೆನಿಸದ ಕಾಲಾನುಸಾರಿ ಭತ್ಯೆ. ಕಮಲೇಶ್ ಚಂದ್ರ ಸಮಿತಿಯ ವರದಿಯನ್ನು ಅನುಸರಿಸಿ 2018ರಲ್ಲಿ ಅದು ಪರಿಷ್ಕೃತವಾದರೂ, ಖಾಯಂ ನೌಕರರಿಗೆ ಸಮನಾದ ಸ್ಥಾನವು ಅವರಿಗೆ ದೊರೆತಿಲ್ಲ. ಇಡೀ ವ್ಯವಸ್ಥೆಯಲ್ಲಿ ಬದಲಿಗೆ ಇನ್ನೊಬ್ಬರನ್ನು ನಿಲ್ಲಿಸಲಾಗದಂತಹ ಜ್ಞಾನವುಳ್ಳವರೇ ಅದರ ಅಂಚಿನಲ್ಲಿ ನಿಂತಿದ್ದಾರೆಂಬುದು ವಿಚಿತ್ರವಾದರೂ ನಿಜ. 2018ರಲ್ಲಿ ಅಂಚೆ ಇಲಾಖೆಯ ಪೇಮೆಂಟ್ಸ್ ಬ್ಯಾಂಕು ಆರಂಭವಾದ ಮೇಲೆ ಬೆರಳಿನ ಗುರುತು ಪಡೆದು ಮನೆಬಾಗಿಲಲ್ಲಿ ಹಣ ಕೊಡುವ ಕೆಲಸವೂ ಅವರಿಗೆ ಸೇರಿದೆ. ಹಿಂದೆ ಮನಿಯಾರ್ಡರಿನ ಮೂಲಕ ವೃದ್ಧಾಪ್ಯ ವೇತನವನ್ನು ಎಣಿಸಿಕೊಡುತ್ತಿದ್ದ ಕೈಯೇ ಇಂದು ಯಂತ್ರವನ್ನು ಹಿಡಿದಿದೆ.

2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ಹೊಸ ಗುರುತು ಬಂದಿತು. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರಿನ ಚೌಕಗಳಾಗಿ ವಿಭಾಗಿಸಿ ಒಂದೊಂದಕ್ಕೂ ಹತ್ತು ಅಕ್ಷರಾಂಕಿಗಳ ಸಂಕೇತವನ್ನು ಕೊಡುವ ಯೋಜನೆಯಿದು. ತೋಟದ ಮನೆಯನ್ನು ಹುಡುಕುವುದಕ್ಕೆ ಅದು ನಿಶ್ಚಯವಾಗಿಯೂ ನೆರವಾಗಬಲ್ಲದು. ಆದರೆ ಆ ಚೌಕದಲ್ಲಿ ಈಗ ಯಾರಿದ್ದಾರೆ, ಇದ್ದವರು ಮಗಳ ಮನೆಗೆ ಹೋದರೇ, ತೀರಿಕೊಂಡರೇ ಎಂಬುದನ್ನು ಸಂಕೇತವು ಹೇಳಲಾರದು.

ಯಾರಿಗೂ ಮುಟ್ಟದ ಕಾಗದದ ಕಥೆ ಇನ್ನೊಂದು. ಅಂಚೆಪೇದೆಯು ಅದರ ಮೇಲೆ ಕಾರಣವನ್ನು ಬರೆಯಬೇಕು. ಬಾಗಿಲು ಹಾಕಿದೆ, ಊರು ಬಿಟ್ಟಿದ್ದಾರೆ, ತೆಗೆದುಕೊಳ್ಳಲು ಒಪ್ಪಲಿಲ್ಲ, ಇಂತಹವರು ಇಲ್ಲ. ಹೊಸ ವಿಳಾಸ ತಿಳಿದಿದ್ದರೆ ಅಲ್ಲಿಗೆ ಕಳುಹಿಸುತ್ತಾರೆ, ಇಲ್ಲವಾದರೆ ಕಳುಹಿಸಿದವರಿಗೆ ಹಿಂತಿರುಗಿಸುತ್ತಾರೆ. ಕಳುಹಿಸಿದವರ ವಿಳಾಸವೂ ಇಲ್ಲದಿದ್ದರೆ ಅದು ಮರಳಿಪತ್ರ ಕಛೇರಿಗೆ ಹೋಗುತ್ತದೆ. ಅಲ್ಲಿ ಅಧಿಕಾರ ಪಡೆದವರು ಮಾತ್ರ ಲಕೋಟೆಯನ್ನು ಒಡೆದು, ಒಳಗೆಲ್ಲಾದರೂ ವಿಳಾಸ ಸಿಕ್ಕೀತೇ ಎಂದು ನೋಡುತ್ತಾರೆ. ಸಿಕ್ಕರೆ ಇನ್ನೊಂದು ಲಕೋಟೆಯಲ್ಲಿಟ್ಟು ಮರಳಿಸುತ್ತಾರೆ.

ಸಂಸ್ಥೆಗಳು ಹಳೆಯ ವಿದ್ಯಾರ್ಥಿಗಳಿಗೂ ದಾನಿಗಳಿಗೂ ಕಳುಹಿಸುವ ಸ್ಮರಣ ಸಂಚಿಕೆಗಳಲ್ಲಿ ಕೆಲವು ಪ್ರತಿವರ್ಷವೂ ಇಂತಹ ಕೆಂಪು ಮಸಿಯ ಬರಹವನ್ನು ಹೊತ್ತು ಹಿಂತಿರುಗುವುದುಂಟು. ಶಾಲೆಯ ದಾಖಲೆಯಲ್ಲಿರುವುದು ವಿದ್ಯಾರ್ಥಿಯು ಸೇರಿದ ದಿನ ಬರೆಸಿದ ಮನೆಯ ವಿಳಾಸ. ಆ ಮನೆ ಪಾಲಾಗಿರುತ್ತದೆ, ಊರಿನ ಹೆಸರಿನ ಮುಂದೆ ಪಿನ್ ಇರುವುದಿಲ್ಲ. ಆದರೂ ಹಳೇಬೀಡಿನ ಕಡೆಯ ಶಾಖೆಯೊಂದರ ಅಂಚೆಪೇದೆಗೆ ಅಪ್ಪನ ಹೆಸರು ನೆನಪಿದ್ದರೆ, ಮಗನು ಬೆಂಗಳೂರಿನಲ್ಲಿರುವ ವಿಳಾಸವನ್ನು ಅಣ್ಣನ ಮನೆಯಲ್ಲಿ ಕೇಳಿ, ಹಳೆಯದನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ ಹೊಸದನ್ನು ಬರೆದು, ಸಂಜೆಯ ಚೀಲಕ್ಕೆ ಹಾಕುತ್ತಾರೆ.